ಕೊಳ್ಳೇಗಾಲ ಬಂತು, ತಾಳವಾಡಿ ಉಳಿಯಿತು

ಅವಿನಾಶಿಯೂ ಕೊಳ್ಳೇಗಾಲವೂ ಒಂದು ಕಾಲಕ್ಕೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮಲೆ ಮಹದೇಶ್ವರ ಬೆಟ್ಟದೊಡನೆ ಮೈಸೂರು ರಾಜ್ಯಕ್ಕೆ ಬಂತು. ಅವಿನಾಶಿ ಮದ್ರಾಸಿನಲ್ಲಿಯೇ ಉಳಿಯಿತು. ಸುಂದರರ್ ಹಾಡಿದ ಶಿವಕ್ಷೇತ್ರವಾದ ಅವಿನಾಶಿ ತಮಿಳಿನ ಊರೆಂಬುದರಲ್ಲಿ ತಕರಾರಿಲ್ಲ. ಆದರೆ ಅದೇ ಜಿಲ್ಲೆಯಲ್ಲಿ, ಘಟ್ಟದ ಮೇಲೆ ಚಾಮರಾಜನಗರಕ್ಕೆ ತಗುಲಿಕೊಂಡಿದ್ದ ತಾಳವಾಡಿ ಕನ್ನಡದ ನೆಲ. ಅದೂ ಮದ್ರಾಸಿಗೇ ಉಳಿಯಿತು. 2006ರ ತಮಿಳು ಕಲಿಕೆ ಕಾಯ್ದೆಯ ಬಳಿಕ ಅಲ್ಲಿಯ ಕನ್ನಡ ಶಾಲೆಯ ಮಕ್ಕಳೂ ತಮಿಳನ್ನು ಕಲಿಯಲೇಬೇಕಾಯಿತು. ಗಡಿಯ ಗೆರೆ ಎಂದರೆ ನಕ್ಷೆಯ ಮೇಲಿನ ಮಸಿಯಷ್ಟೇ ಅಲ್ಲ.

ಈ ಗೆರೆಯನ್ನು ಎಳೆದವರು ಯಾರು? ಸಂವಿಧಾನದ 3ನೇ ವಿಧಿಯು ರಾಜ್ಯಗಳನ್ನು ರಚಿಸುವ, ಹಿಗ್ಗಿಸುವ, ಕುಗ್ಗಿಸುವ, ಹೆಸರು ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಒಪ್ಪಿಸಿದೆ. ಅದಕ್ಕೆ ಸಾಮಾನ್ಯ ಬಹುಮತ ಸಾಕು. 1973ರಲ್ಲಿ ಮೈಸೂರು 'ಕರ್ನಾಟಕ'ವಾಗುವುದಕ್ಕೂ ಸಂಸತ್ತಿನ ಕಾಯ್ದೆಯೇ ಬೇಕಾಯಿತು. ಮಸೂದೆಯನ್ನು ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯಕ್ಕೆ ಕಳುಹಿಸಬೇಕು, ನಿಜ. ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬೀಳಬೇಕಿಲ್ಲ. ಬಾಬೂಲಾಲ್ ಪರಾಟೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಸತ್ತು ಮಸೂದೆಯನ್ನು ತಿದ್ದಿದರೂ ರಾಜ್ಯವನ್ನು ಮತ್ತೊಮ್ಮೆ ಕೇಳಬೇಕಾಗಿಲ್ಲವೆಂದಿತು.

ಕನ್ನಡಿಗರು ಇಲ್ಲಿ ತುಸು ಪ್ರಾಮಾಣಿಕರಾಗಬೇಕು. ರಾಜ್ಯಗಳ ಒಪ್ಪಿಗೆ ಕಡ್ಡಾಯವಾಗಿದ್ದರೆ ಮುಂಬಯಿಯಾಗಲಿ ಮದ್ರಾಸಾಗಲಿ ತಮ್ಮ ಜಿಲ್ಲೆಗಳನ್ನು ಸುಲಭವಾಗಿ ಬಿಟ್ಟುಕೊಡುತ್ತಿದ್ದವೆ? ಏಕೀಕರಣವನ್ನು ಹೋರಾಟದ ಫಲವೆಂದು ಕೊಂಡಾಡುವುದು ಸರಿ. ಆದರೆ ಅದು ಕೈಗೂಡಿದ್ದು ಈ ಕೇಂದ್ರಾಧಿಕಾರದ ಬಾಗಿಲಿನಿಂದಲೇ. ಕಾಸರಗೋಡು ಕೈಬಿಟ್ಟದ್ದೂ ಅದೇ ಬಾಗಿಲಿನಲ್ಲಿ. ಆದುದರಿಂದ 3ನೇ ವಿಧಿಯನ್ನೇ ಕಿತ್ತೊಗೆಯಬೇಕೆಂಬ ವಾದ ಕನ್ನಡದ ಬಾಯಲ್ಲಿ ಒಪ್ಪುವುದಿಲ್ಲ.

ಒಪ್ಪದ ಸಂಗತಿ ಮತ್ತೊಂದಿದೆ: ಕೇಳುವ ಶಾಸ್ತ್ರ ಮಾಡಿ ಕೇಳದಿರುವುದು. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನಾ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ತೆಲಂಗಾಣದ ಬೇಡಿಕೆ ನ್ಯಾಯವಾದುದೇ ಇರಬಹುದು. ವಿಧಾನಸಭೆಯ ಆಕ್ಷೇಪಗಳಿಗೆ ಸಮಾಧಾನ ಹೇಳುವ ಹೊಣೆ ಮಾತ್ರ ಯಾರ ಮೇಲೂ ಇರಲಿಲ್ಲ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರದ ವಿಧಾನಸಭೆಯೇ ವಿಸರ್ಜನೆಗೊಂಡಿತ್ತು. ರಾಜ್ಯದ ಪರವಾಗಿ ಸಂಸತ್ತೇ ತನಗೆ ತಾನು ಅಭಿಪ್ರಾಯ ಕೊಟ್ಟುಕೊಂಡಿತು. ರಾಜ್ಯವೊಂದನ್ನು ಪೂರ್ತಿಯಾಗಿ ಕೇಂದ್ರಾಡಳಿತ ಪ್ರದೇಶವಾಗಿಸಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದ 2023ರ ತೀರ್ಪೂ ಉತ್ತರ ಕೊಡಲಿಲ್ಲ. ಉತ್ತರವಿಲ್ಲದ ಆ ಪ್ರಶ್ನೆ ನಾಳೆ ಯಾವ ರಾಜ್ಯದ ಬಾಗಿಲಿಗೂ ಬರಬಹುದು. 2021ರಲ್ಲಿ ಕೊಂಗುನಾಡನ್ನು ತಮಿಳುನಾಡಿನಿಂದ ಬೇರ್ಪಡಿಸುವ ಮಾತೆದ್ದಾಗ ಅವಿನಾಶಿಯೂ ಆ ಚರ್ಚೆಯ ಸೀಮೆಯೊಳಗೇ ಇತ್ತು. ಮಸೂದೆ ಬರಲಿಲ್ಲ; ಬಂದಿದ್ದರೆ ಚೆನ್ನೈಯ ವಿರೋಧವು ಕಡತದಲ್ಲಿನ ಒಂದು ಹಾಳೆಯಾಗುತ್ತಿತ್ತು.

ಬೇಕಾಗಿರುವ ತಿದ್ದುಪಡಿ ದೊಡ್ಡದೇನಲ್ಲ. ಚುನಾಯಿತ ವಿಧಾನಸಭೆ ಇಲ್ಲದಾಗ ಇಂಥ ಮಸೂದೆ ಬರಕೂಡದು. ವಿಧಾನಸಭೆಯ ಆಕ್ಷೇಪವನ್ನು ಮೀರುವಾಗ ಸಂಸತ್ತು ಕಾರಣಗಳನ್ನು ಬರೆದು ದಾಖಲಿಸಬೇಕು. ಗಡಿ ಬದಲಾಗುವ ಊರುಗಳ ಪಂಚಾಯಿತಿಗಳನ್ನೂ ಕೇಳಬೇಕು. ರಾಜ್ಯಗಳ ಹಕ್ಕನ್ನು ಎತ್ತಿ ಹಿಡಿಯುವವರು ಈ ಕೊನೆಯ ಮಾತನ್ನು ಮರೆಯುವುದುಂಟು. 1956ರ ಮಸೂದೆ ಅಭಿಪ್ರಾಯಕ್ಕಾಗಿ ಹೋದದ್ದು ಮದ್ರಾಸಿಗೆ. ತಾಳವಾಡಿಯನ್ನು ಕೇಳಬೇಕೆಂದು ಸಂವಿಧಾನ ಆಗಲೂ ಹೇಳಿರಲಿಲ್ಲ, ಈಗಲೂ ಹೇಳುವುದಿಲ್ಲ.