ನೀರಿನ ಪಾಠ ಹೊಲದವರೆಗೂ ಬರಲಿ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ನಮ್ಮ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಗುತ್ತದೆ. ಈಚೆಗೆ ಒಂದು ಹಳ್ಳಿಯ ಶಾಲೆಗೆ ಹೋಗಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ನಮ್ಮ ಬೋರಿನ ನೀರು ಉಪ್ಪುಪ್ಪಾಗೈತೆ, ಬೇಳೇನೂ ಬೇಯಲ್ಲ. ಪುಸ್ತಕದಾಗೆ ಇರೋದು ಯಾವ ನೀರು?" ತರಗತಿ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ.

ಪುಸ್ತಕದಲ್ಲಿರುವುದು ಶುದ್ಧ ನೀರು. ನಾವು ಬಳಸುವುದು ನೆಲದೊಳಗೆ ಹರಿದು, ಸಿಕ್ಕ ಲವಣಗಳನ್ನೆಲ್ಲ ಕರಗಿಸಿಕೊಂಡು ಬಂದ ನೀರು. ಕರಗಿಸಿಕೊಳ್ಳುವ ಈ ಗುಣವನ್ನೇ ಮಕ್ಕಳಿಗೆ ಮೊದಲು ಕಲಿಸಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ. ಎರಡು ಸೀಸೆಗಳಲ್ಲಿ ಮಳೆನೀರನ್ನೂ ಕೊಳವೆಬಾವಿಯ ನೀರನ್ನೂ ಸಮನಾಗಿ ತುಂಬಿ, ಸಮನಾಗಿ ಸೋಪಿನ ಚೂರು ಹಾಕಿ ಕುಲುಕಿಸಿ. ಮಳೆನೀರು ಚೆನ್ನಾಗಿ ನೊರೆ ಕೊಡುತ್ತದೆ. ಕೊಳವೆಬಾವಿಯ ನೀರು ನೊರೆ ಕೊಡದಿದ್ದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿವೆ ಎಂದರ್ಥ. ಹಂಡೆಯ ತಳದಲ್ಲಿ ಬಿಳಿ ಹೆಪ್ಪು ಕಟ್ಟುವುದೂ ಹನಿ ನೀರಾವರಿಯ ತೂತುಗಳು ಮುಚ್ಚಿಕೊಳ್ಳುವುದೂ ಇದರಿಂದಲೇ.

ಆದರೆ ಎಲ್ಲವೂ ಹೀಗೆ ಕಣ್ಣಿಗೆ ಕಾಣುವುದಿಲ್ಲ. ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ಕೊಳವೆಬಾವಿಗಳಲ್ಲಿ ಕಂಡುಬಂದಿರುವ ಫ್ಲೋರೈಡಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ಮಕ್ಕಳ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೆಡುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪರೀಕ್ಷೆ ಮಾಡಿಸುವುದೊಂದೇ ದಾರಿ.

ಇನ್ನೊಂದು ಗುಣ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಣ್ಣ ಸಂದುಗಳಲ್ಲಿ ನೀರು ಮೇಲೇರುವುದು. ತಳದಲ್ಲಿ ತೂತಿರುವ ಕುಂಡಕ್ಕೆ ಒಣಮಣ್ಣು ತುಂಬಿ, ಉಪ್ಪುನೀರಿನ ತಟ್ಟೆಯಲ್ಲಿಟ್ಟು ಬಿಸಿಲಿಗಿಡಿ. ಕೆಲವು ದಿನಗಳಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಕಾಣುತ್ತದೆ. ನೀರು ಆರಿಹೋಯಿತು, ಉಪ್ಪು ಉಳಿಯಿತು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನಡೆದಿರುವುದೂ ಇದೇ. 1953ರಲ್ಲಿ ಕಾಲುವೆಗೆ ನೀರು ಬಂತು. ಮಿತ ನೀರಾವರಿ ಬೆಳೆಗೆಂದು ಗೊತ್ತುಮಾಡಿದ್ದ ನೆಲದಲ್ಲೂ ಭತ್ತ ನಿಂತಿತು, ಬಸಿಗಾಲುವೆಗಳು ಹೂಳಿಗೆ ಸಿಕ್ಕಿದವು, ಅಂತರ್ಜಲ ಬೇರಿನವರೆಗೆ ಏರಿತು. ಸಾವಿರಾರು ಎಕರೆ ಎರೆಭೂಮಿ ಸವಳು-ಜವಳಾಯಿತು. ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಹೊಲ ಕೆಟ್ಟರೆ, ಕೊನೆಭಾಗದ ರೈತ ನೀರಿಲ್ಲದೆ ಕೆಟ್ಟ. ಕುಂಡದ ಮೇಲಿನ ಬಿಳಿ ಪೊರೆಯನ್ನು ನೋಡಿದ ಹುಡುಗ ಮುಂದೆ ತನ್ನ ಗದ್ದೆಗೆ ರಾತ್ರಿಯಿಡೀ ನೀರು ಬಿಟ್ಟು ಮಲಗಲಾರ.

ಲೆಕ್ಕದ ಪಾಠವನ್ನೂ ಮಳೆಯಿಂದಲೇ ಮಾಡಬಹುದು. ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿಲಿಮೀಟರ್ ಮಳೆಯೆಂದರೆ 1 ಲೀಟರ್ ನೀರು. 100 ಚದರ ಮೀಟರಿನ ಶಾಲಾ ಮಾಳಿಗೆಯ ಮೇಲೆ 10 ಮಿಲಿಮೀಟರ್ ಬಿದ್ದರೆ 1,000 ಲೀಟರ್. ಒಂದು ಎಕರೆಯ ಮೇಲೆ ಒಂದು ಅಂಗುಲ ಬಿದ್ದರೆ ಲಕ್ಷ ಲೀಟರಿಗೂ ಮೇಲು. ಬದು ಏಕೆ ಹಾಕಬೇಕೆಂದು ಈ ಲೆಕ್ಕ ಮಾಡಿದ ಮಗುವಿಗೆ ಬೇರೆ ಹೇಳಬೇಕಾಗಿಲ್ಲ.

ಉಪಾಧ್ಯಾಯರು ವಾರಕ್ಕೆ ಅರ್ಧ ಗಂಟೆ ಇದಕ್ಕೆ ಮೀಸಲಿಡಲಿ. ಶಾಲಾಭಿವೃದ್ಧಿ ಸಮಿತಿಯವರು ಒಂದು ಮಳೆಮಾಪಕ ಕೊಡಿಸಲಿ. ರೈತರು ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಅದೇ ನೀರಿನಿಂದ ಸೀಸೆ ತೊಳೆದು, ಒಂದು ಲೀಟರ್ ಮಾದರಿ ತುಂಬಿ ಪರೀಕ್ಷೆಗೆ ಕಳಿಸಲಿ. ವರದಿ ಬಂದಾಗ ಅದನ್ನು ಮಕ್ಕಳ ಕೈಯಲ್ಲೇ ಓದಿಸಲಿ.

ನಾಳೆ ಆ ಹೊಲ, ಆ ಬಾವಿ ಅವರದೇ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಮೇಷ್ಟರೊಬ್ಬರದಲ್ಲ, ಊರಿನದು.