ಅಂಚಿಗೆ ಸರಿಯಬೇಕಾದವರು ಯಾರು?

ಘಟ್ಟದ ರಸ್ತೆಯಲ್ಲಿ ಸೈಕಲ್ ಸವಾರನಿಗೆ ಪೆಟ್ಟಾದಾಗಲೆಲ್ಲ ಕೇಳಿಬರುವ ಮಾತು ಒಂದೇ: ‘ಅವನು ಅಂಚಿನಲ್ಲಿ ಹೋಗಬೇಕಿತ್ತು.’ ಹೀಗೆನ್ನುವವರು ಮಲೆನಾಡಿನ ರಸ್ತೆಯ ಅಂಚನ್ನು ಕಾರಿನ ಕಿಟಕಿಯಿಂದ ಮಾತ್ರ ಕಂಡವರು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿದೆ. ಪಕ್ಕದ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗಿದೆ. ಉಳಿದಿರುವುದು ಗೇಣುದ್ದದ ಕೊರಕಲು. ಮಳೆ ಹಿಡಿದರೆ ಅಲ್ಲಿ ಪಾಚಿ, ಕೊಳೆತ ಎಲೆ, ರಸ್ತೆಗೆ ಬಾಗಿದ ಲಂಟಾನ. ಮುಂದಿನ ಚಕ್ರ ಒಮ್ಮೆ ಅಲ್ಲಿಗೆ ಇಳಿಯಿತೆಂದರೆ ಡಾಂಬರಿಗೆ ಮರಳಿ ಏರುವುದು ದುಸ್ತರ. ಏರಿಸಲು ಹೋದ ಸವಾರ ರಸ್ತೆಯ ನಡುವಿಗೇ ಉರುಳುತ್ತಾನೆ. ಆದುದರಿಂದ ಅಂಚಿನಿಂದ ಒಂದೆರಡು ಮೊಳ ಒಳಗೆ ಸೈಕಲ್ ಓಡಿಸುವುದು ಉದ್ಧಟತನವಲ್ಲ, ವಿವೇಕ.

ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಲ್ಲುವವರೆಗೆ ಲಕ್ಷಾಂತರ ಸೈಕಲ್‌ಗಳು ಹಳ್ಳಿ ಸೇರಿದವು. ಸೈಕಲ್ ಬಂತು, ಅದಕ್ಕೆ ದಾರಿ ಬಿಡುವ ಬುದ್ಧಿ ಸ್ಟಿಯರಿಂಗ್ ಹಿಡಿದವರಿಗೆ ಬರಲಿಲ್ಲ.

ಅದೇನೂ ಕಠಿಣ ಶಾಸ್ತ್ರವಲ್ಲ. ಏರಿನಲ್ಲಿ ನಿಧಾನವಾಗಿ ಸಾಗುವ ಸೈಕಲ್ ಅತ್ತಿತ್ತ ಓಲಾಡುತ್ತದೆ. ಬೆನ್ನಿಗೇ ಬಂದು ಹಾರನ್ ಒತ್ತಿದರೆ ಬೆಚ್ಚಿದ ಸವಾರ ಇನ್ನಷ್ಟು ಓಲುತ್ತಾನೆ. ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ 1.5 ಮೀಟರ್ ಅಂತರವಿರಬೇಕೆಂಬುದು ಸ್ಪೇನ್ ದೇಶದ ಕಾನೂನು; ಜರ್ಮನಿಯು 2020ರಲ್ಲಿ ಊರೊಳಗೆ 1.5, ಊರ ಹೊರಗೆ 2 ಮೀಟರ್ ಎಂದು ನಿಗದಿಪಡಿಸಿತು. ಘಟ್ಟದ ಇಕ್ಕಟ್ಟಿನಲ್ಲಿ ಅಷ್ಟು ಜಾಗವೆಲ್ಲಿ ಎಂದು ಕೇಳುವವರಿದ್ದಾರೆ. ಜಾಗವಿಲ್ಲದ ಕಡೆ ಹಿಂದಿಕ್ಕಕೂಡದು, ಅಷ್ಟೆ. ತಿರುವು ಮುಗಿದು ಮುಂದಿನ ರಸ್ತೆ ಕಾಣುವವರೆಗೆ ಸೈಕಲ್ಲಿನ ಹಿಂದೆಯೇ ಬರಬೇಕು. ಹೋಗುವುದು ಅರ್ಧ ನಿಮಿಷ.

ಬಸ್ಸು, ಲಾರಿಗಳ ಸಂಗತಿ ಬೇರೆ. ಹಿಮ್ಮುರಿ ತಿರುವಿನಲ್ಲಿ ಉದ್ದನೆಯ ವಾಹನದ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡನ್ನು ಬಿಟ್ಟು ಒಳಮಗ್ಗುಲಿಗೆ ಸರಿಯುತ್ತವೆ. ಎಡತಿರುವಿನಲ್ಲಿ ಬಸ್ಸಿನ ಮೂತಿ ಸೈಕಲ್ಲನ್ನು ದಾಟಿತೆಂದ ಮಾತ್ರಕ್ಕೆ ಸವಾರ ಪಾರಾದನೆಂದಲ್ಲ. ಅವನನ್ನು ಅಂಚಿಗೆ ಒತ್ತುವುದು ಆಮೇಲೆ ಬರುವ ಹಿಂಭಾಗ.

ಇಳಿಜಾರಿನಲ್ಲಿ ಅವಸರ ಇನ್ನೂ ಅಪಾಯ. ವೇಗ ಇಮ್ಮಡಿಸಿದರೆ ಡಿಕ್ಕಿಯ ಶಕ್ತಿ ನಾಲ್ಮಡಿಸುತ್ತದೆಂಬುದು ಪ್ರೌಢಶಾಲೆಯ ಪಾಠ. 60 ಕಿ.ಮೀ. ವೇಗದ ಕಾರು, ಚಾಲಕ ಬ್ರೇಕಿನತ್ತ ಕಾಲೊಯ್ಯುವ ಒಂದು ಸೆಕೆಂಡಿನಲ್ಲೇ 17 ಮೀಟರಿನಷ್ಟು ಸಾಗಿರುತ್ತದೆ. ಕಿರಿದಾದ ಗುಡ್ಡದ ರಸ್ತೆಯಲ್ಲಿ ಇಳಿಯುವ ವಾಹನವು ನಿಂತು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ 1989ರದು. 2017ರ ಚಾಲನಾ ನಿಯಮಾವಳಿಯಲ್ಲೂ ಅದು ಉಳಿದಿದೆ. ಲಾರಿಗೆ ಸಲ್ಲುವ ಆ ಮರ್ಯಾದೆ, ಚೀಲ ಹೊತ್ತು ಏರು ತುಳಿಯುವ ಹುಡುಗಿಗೆ ಏಕೆ ಸಲ್ಲದು?

ಅಪಘಾತವಾದೊಡನೆ ಏಳುವ ಇನ್ನೊಂದು ಕೂಗು ರಸ್ತೆ ಅಗಲೀಕರಣದ್ದು. ಮರ ಉರುಳುತ್ತವೆ, ಗುಡ್ಡದ ಬುಡ ಸೀಳುತ್ತದೆ, ಮುಂದಿನ ಮಳೆಗೆ ಗುಡ್ಡವೇ ಜರಿಯುತ್ತದೆ. ಅಗಲವಾದ ರಸ್ತೆಯಲ್ಲಿ ಹೆಚ್ಚುವುದು ವೇಗ. ಸೈಕಲ್ಲಿಗೆ ಪ್ರತ್ಯೇಕ ಪಟ್ಟಿಯನ್ನು ಯಾರೂ ಬಿಡುವುದಿಲ್ಲ. ಬೇಕಾದುದು ಇಷ್ಟೇ: ಡಾಂಬರಿನ ಮಟ್ಟಕ್ಕೆ ಅಂಚಿಗೆ ಮಣ್ಣು ತುಂಬುವುದು, ಮಳೆಗೆ ಮುನ್ನ ಪೊದೆ ಸವರುವುದು, ಶಾಲೆಯ ಹಾದಿಯಲ್ಲಿ 30 ಕಿ.ಮೀ. ಮಿತಿ. ಇವುಗಳಿಗಾಗಿ ಮರ ಕಡಿಯಬೇಕಾಗಿಲ್ಲ. ಬರುವ ಗ್ರಾಮಸಭೆಯಲ್ಲಿ ಠರಾವು ಬರೆಸಿ ಲೋಕೋಪಯೋಗಿ ಇಲಾಖೆಗೂ ಜಿಲ್ಲಾಧಿಕಾರಿಗೂ ಕಳುಹಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.