ತಮ್ಮನಿಗೆ ಕಾನ್ವೆಂಟು, ಅಕ್ಕನಿಗೆ ಕನ್ನಡ ಶಾಲೆ! ಇದು ಯಾವ ನ್ಯಾಯ?

ಗೆಳೆಯಾ, ಶಾಲೆ ಶುರುವಾಗುವ ದಿನ ಒಮ್ಮೆ ಊರಿಗೆ ಹೋಗಿ ನೋಡು. ಶ್ರೀರಂಗಪಟ್ಟಣವಾಗಲಿ, ಪಾಂಡವಪುರವಾಗಲಿ, ಕೆ.ಆರ್. ಪೇಟೆಯಾಗಲಿ, ನಾಗಮಂಗಲವಾಗಲಿ, ಯಾವ ತಾಲ್ಲೂಕಿನ ಹಳ್ಳಿಯಾದರೂ ಸರಿ. ಸರ್ಕಾರಿ ಶಾಲೆಯ ಬಾಗಿಲಿಗೆ ಮಾವಿನ ತೋರಣ. ಒಳಗೆ ಪ್ರಾರಂಭೋತ್ಸವದ ಸಿಹಿ. ಅದೇ ಹೊತ್ತಿಗೆ ಅರಳಿಕಟ್ಟೆಯ ಹತ್ತಿರ ಹಳದಿ ವ್ಯಾನು ಹಾರ್ನ್ ಹೊಡೆಯುತ್ತದೆ. ಒಂದೇ ಮನೆಯಿಂದ ಎರಡು ಮಕ್ಕಳು ಹೊರಬರುತ್ತವೆ. ತಮ್ಮ ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತಾನೆ. ಅಕ್ಕ ಅವನ ಬ್ಯಾಗನ್ನು ಒಳಗಿಟ್ಟು, ತಾನು ನಡೆದುಕೊಂಡು ಸರ್ಕಾರಿ ಶಾಲೆಗೆ ಹೋಗುತ್ತಾಳೆ.

ಎಲ್ಲ ಮನೆಯಲ್ಲೂ ಹೀಗೆ ಅಂತ ಹೇಳುತ್ತಿಲ್ಲ. ಆದರೆ ನಿನಗೆ ಗೊತ್ತಿರುವ ಒಂದು ಮನೆಯಾದರೂ ಈಗ ಕಣ್ಣಮುಂದೆ ಬಂತಲ್ಲವೇ?

ಆ ಅಪ್ಪನನ್ನು ಕೇಳಿ ನೋಡು. ‘ಇಬ್ರಿಗೂ ಫೀಜು ಕಟ್ಟಕ್ಕೆ ಎಲ್ಲಿಂದ ತರ್ಲಪ್ಪ? ಗಂಡುಡ್ಗ, ನಾಳೆ ಬೆಂಗ್ಳೂರ್ಗೋಗಿ ದುಡೀಬೇಕು. ಅವ್ಳಿಗೇನು, ಕನ್ನಡ ಇಸ್ಕೂಲೇ ಸಾಕು’ ಅನ್ನುತ್ತಾನೆ.

ಸಾಕು! ಈ ಮಾತು ನಿನ್ನ ಎದೆಗೆ ನಾಟಬೇಕು. ಯಾರ ಮೇಲೆ ದುಡ್ಡು ಹಾಕಲು ಮನಸ್ಸಿಲ್ಲವೋ ಅವರ ಪಾಲಿಗೆ ಕನ್ನಡ! ಇದೇ ಜಿಲ್ಲೆಯಲ್ಲಿ, ಮಂಡ್ಯದ ಹತ್ತಿರದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು, ಹೊಟ್ಟೆಯೊಳಗಿನ ಕೂಸು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ದಂಧೆಯನ್ನು 2023ರಲ್ಲಿ ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗದಲ್ಲಿ, ನೋಡು! ಅಂಥದ್ದನ್ನೆಲ್ಲ ದಾಟಿ ಹುಟ್ಟಿದ ಹೆಣ್ಣುಮಗಳಿಗೆ ಉಳಿದದ್ದು, ಮಿಕ್ಕಿದ್ದು. ನಮ್ಮ ಭಾಷೆಯೂ ಆ ಮಿಕ್ಕಿದ್ದರ ಲೆಕ್ಕಕ್ಕೆ ಸೇರಿಹೋಗಿದೆ. ಆದರೂ ವರ್ಷ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮುಂದಿರುವವರು ಹೆಣ್ಣುಮಕ್ಕಳೇ.

ಕಾನೂನು ಏನು ಮಾಡಿತು? ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಸರ್ಕಾರ 1994ರಲ್ಲಿ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಕೋರ್ಟಿಗೆ ಹೋದವು. ಇಪ್ಪತ್ತು ವರ್ಷ ಎಳೆದಾಡಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು: ಮಾಧ್ಯಮ ಯಾವುದೆಂಬ ಆಯ್ಕೆ ತಂದೆತಾಯಿಯದು. ಸರಿ ಸ್ವಾಮಿ. ಒಂದೇ ತಂದೆತಾಯಿ ಒಂದೇ ಮನೆಯಲ್ಲಿ ಮಗನಿಗೊಂದು, ಮಗಳಿಗೊಂದು ಆಯ್ಕೆ ಮಾಡಿದರೆ? 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ತನ್ನ ಅಂಗಡಿಯ ಸರಕು ಕಳಪೆ ಎಂದು ತಾನೇ ಬೋರ್ಡು ಹಾಕಿಕೊಂಡ ಹಾಗೆ!

ಹಾಗಾದರೆ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಇಲ್ಲವೇ? ಇದೆ. 2007ರಿಂದ ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಇದೆ. ಇಲ್ಲದಿರುವುದು ಸಾಕಷ್ಟು ಮೇಷ್ಟರು. ಅತಿಥಿ ಶಿಕ್ಷಕರನ್ನಿಟ್ಟುಕೊಂಡು ವರ್ಷ ತಳ್ಳುವ ಶಾಲೆಗಳು ಎಷ್ಟಿಲ್ಲ? ಜಗಳ ಆಡಬೇಕಾದದ್ದು ಅಲ್ಲಿ.

ಇಂಗ್ಲಿಷ್ ನಮಗೆ ಶತ್ರುವಲ್ಲ. ನಾಗಮಂಗಲದ ಬೆಳ್ಳೂರಿನ ಮನೆತನದ ಬಿಎಂಶ್ರೀ ಇಂಗ್ಲಿಷ್ ಪ್ರೊಫೆಸರು. 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ತಲೆಯೆತ್ತುವುದು ಹೇಗೆಂದು ಭಾಷಣ ಮಾಡಿದವರು ಅವರೇ. ಕೆ.ಆರ್. ಪೇಟೆಯ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಅನ್ನ ತಿಂದದ್ದು ಇಂಗ್ಲಿಷ್ ಪಾಠ ಹೇಳಿ, ಬರೆದದ್ದು ಕನ್ನಡ. ಪಾಂಡವಪುರದ ಮೇಲುಕೋಟೆ ಪುತಿನ ಅವರನ್ನು ಕೊಟ್ಟಿತು, ಕಿಕ್ಕೇರಿ ನರಸಿಂಹಸ್ವಾಮಿಯವರನ್ನು ಕೊಟ್ಟಿತು. ಆ ಮಣ್ಣಿನಲ್ಲಿ ಇವತ್ತು ಕನ್ನಡ ಶಾಲೆಗೆ ಮಗನನ್ನು ಕಳಿಸುವುದು ಅವಮಾನ!

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನವಾಯಿತು. ಬಾಡೂಟ ಬೇಕೋ ಬೇಡವೋ ಎಂದು ನಾಡೆಲ್ಲ ಗದ್ದಲ. (ಬಾಡೂಟಕ್ಕೆ ನನ್ನ ವಿರೋಧವಿಲ್ಲ, ಮಂಡ್ಯದಲ್ಲಿ ವಿರೋಧಿಸಿ ಬದುಕುವುದುಂಟೇ!) ಅದರಲ್ಲಿ ಅರ್ಧದಷ್ಟು ಗದ್ದಲ ಊರಿನ ಶಾಲೆಗಾಗಿ ಎದ್ದಿದ್ದರೆ? ಸಮ್ಮೇಳನಕ್ಕೆ ಮೊದಲ ಬಾರಿಗೆ ಒಬ್ಬ ಹೆಣ್ಣುಮಗಳು, ಜಯದೇವಿತಾಯಿ ಲಿಗಾಡೆ, ಅಧ್ಯಕ್ಷರಾದದ್ದೂ ಇದೇ ಮಂಡ್ಯದಲ್ಲಿ, 1974ರಲ್ಲಿ.

ಈಗ ನಿನ್ನ ವಿಷಯ. ಸುಂಕದಕಟ್ಟೆಯಲ್ಲೋ ಲಗ್ಗೆರೆಯಲ್ಲೋ ರೂಮು ಮಾಡಿಕೊಂಡಿದ್ದೀಯ. ನವೆಂಬರ್ ಬಂತೆಂದರೆ ಹೆಗಲಿಗೆ ಕೆಂಪು-ಹಳದಿ ಶಾಲು. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ನೀನೇ ಮುಂದು. ಒಳ್ಳೆಯದು. ಆದರೆ ಜೂನ್ ತಿಂಗಳ ಸಂಬಳದಲ್ಲಿ ಊರಿಗೆ ಕಳಿಸಿದ ದುಡ್ಡು ಎಲ್ಲಿ ಹೋಯಿತು? ಅಣ್ಣನ ಮಗನ ಕಾನ್ವೆಂಟ್ ಫೀಜಿಗೆ ತಾನೆ? ಅಣ್ಣನ ಮಗಳಿಗೆ ಎಷ್ಟು ಕಳಿಸಿದೆ?

ಈ ಭಾನುವಾರ ಬಸ್ಸು ಹತ್ತು. ಅಣ್ಣ-ಅತ್ತಿಗೆಯ ಮುಂದೆ ಕೂತು ಮಾತಾಡು. ಕಾನ್ವೆಂಟೇ ಬೇಕೆಂದು ಹಟ ಹಿಡಿದರೆ, ಇಬ್ಬರಿಗೂ ಕೊಡಿ ಅನ್ನು. ನಮ್ಮ ಮಾತು ಕೇಳುವುದಾದರೆ ಇಬ್ಬರನ್ನೂ ಕನ್ನಡ ಶಾಲೆಗೆ ಹಾಕಿಸು, ಫೀಜಿನ ದುಡ್ಡಿನಲ್ಲಿ ಇಬ್ಬರಿಗೂ ಪುಸ್ತಕ ಕೊಡಿಸು, ಮುಂದೆ ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ ಎಂಬುದನ್ನು ಬಿಡಿಸಿ ಹೇಳು. ಮಾತಾಡುವಾಗ ಆ ಹುಡುಗಿಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೋ, ಅವಳನ್ನು ಇದುವರೆಗೆ ಯಾರೂ ಏನೂ ಕೇಳಿಲ್ಲ. ಮಾರನೆಯ ದಿನ ಅಣ್ಣನ ಜೊತೆ ಶಾಲೆಗೆ ಹೋಗಿ, ಎಸ್‌ಡಿಎಂಸಿ ಸಭೆ ಯಾವತ್ತು, ಎಷ್ಟು ಮೇಷ್ಟರ ಜಾಗ ಖಾಲಿ ಇದೆ ಎಂದು ಹೆಡ್‌ಮಾಸ್ಟರನ್ನು ಕೇಳಿ ಬರೆದುಕೊಂಡು ಬಾ. ಆ ಕಾಗದ ಹಿಡಿದು ಬಿಇಒ ಕಚೇರಿಗೆ ಹೋಗೋಣ.